ಗುಂಡಿ ಡಬ್ಬಿಯ ಮಾತ್ರೆಗಳು

ಮೊದಲು ಬಂದದ್ದು ಸುಟ್ಟ ವಾಸನೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆಯುತ್ತಿದ್ದ ಕತ್ತರಿಯಮ್ಮ ಮೂಗರಳಿಸಿ ತಲೆಯೆತ್ತಿದಳು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅವಳ ಯಜಮಾನರು ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು ನಿಂತಲ್ಲೇ ತೂಕಡಿಸುತ್ತಿದ್ದರು. ಪೆಟ್ಟಿಗೆಯ ಅಡಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

“ಅಯ್ಯೋ, ರೀ! ಎತ್ರೀ ಅದನ್ನ!”

ಯಜಮಾನರು ಬೆಚ್ಚಿಬಿದ್ದು ಪೆಟ್ಟಿಗೆ ಎತ್ತಿದರು. ಶಾಲೆಯ ಮಕ್ಕಳ ಅಂಗಿಯೊಂದರ ಬೆನ್ನಿನ ಮೇಲೆ ಕಂದು ಬಣ್ಣದ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಇಷ್ಟು ವರ್ಷ ಇಸ್ತ್ರಿ ಹಾಕಿದ ಮನುಷ್ಯ, ಒಂದು ಕರವಸ್ತ್ರವನ್ನೂ ಸುಟ್ಟವರಲ್ಲ. ಅವರು ಆ ಗುರುತನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಪೆಚ್ಚು ನಗೆ ನಕ್ಕರು.

“ಕಣ್ಣು ಎಳೀತಾ ಇದೆ ಕಣೇ. ಏನೋ ಮಂಕು.”

“ಶೀತ ತಲೆಗೇರಿದೆ, ಅಷ್ಟೇ. ಬನ್ನಿ, ಇನ್ನೊಂದು ಹಳದಿದು ನುಂಗಿ,” ಎಂದು ಕತ್ತರಿಯಮ್ಮ ಗುಂಡಿ ಡಬ್ಬಿಗೆ ಕೈ ಹಾಕಿದಳು.

ಈ ಗುಂಡಿ ಡಬ್ಬಿಯ ವಿಚಾರ ಹೇಳಲೇಬೇಕು. ಅಗಲವಾದ ತಗಡಿನ ಡಬ್ಬಿ ಅದು, ಒಳಗೆಲ್ಲ ಸಣ್ಣ ಸಣ್ಣ ಮನೆಗಳು. ಮೇಲಿನ ಸಾಲುಗಳಲ್ಲಿ ಗುಂಡಿಗಳು, ಬಣ್ಣಕ್ಕೆ ತಕ್ಕ ಹಾಗೆ. ಕೆಳಗಿನ ಸಾಲಿನಲ್ಲಿ ಮನೆಯ ಮಾತ್ರೆಗಳು, ಅವೂ ಬಣ್ಣಕ್ಕೆ ತಕ್ಕ ಹಾಗೆ. ಶೀತಕ್ಕೆ ಹಳದಿ, ಹೊಟ್ಟೆ ಉರಿಗೆ ಗುಲಾಬಿ, ಮೈಕೈ ನೋವಿಗೆ ಕೆಂಪು. ಔಷಧಿ ಅಂಗಡಿಯಿಂದ ಮಾತ್ರೆ ಬಂದ ಕೂಡಲೇ ಕತ್ತರಿಯಮ್ಮ ರಟ್ಟಿನ ಪೆಟ್ಟಿಗೆ ಹರಿದು ಬೀದಿಯ ಕಸದ ತೊಟ್ಟಿಗೆ ಎಸೆಯುವಳು. ಅದರೊಳಗಿನ ಮಡಿಸಿದ ಕಾಗದ ನೋಡಿ “ಇದೇನು ಇರುವೆ ಸಾಲಾ?” ಎಂದು ಅದನ್ನೂ ಎಸೆಯುವಳು. ಆಮೇಲೆ ಹಲ್ಲುಕತ್ತರಿ ತೆಗೆದುಕೊಳ್ಳುವಳು. ಬಟ್ಟೆಯ ಅಂಚು ಎಳೆ ಬಿಡದಿರಲೆಂದು ಗರಗಸದ ಹಲ್ಲಿನ ಹಾಗೆ ಕತ್ತರಿಸುವ ಕತ್ತರಿ ಅದು. ಅದರಲ್ಲಿ ಮಾತ್ರೆಯ ಹಾಳೆಯನ್ನು ಒಂದೊಂದು ಮಾತ್ರೆಗೆ ಒಂದೊಂದು ತುಂಡಿನಂತೆ ಕತ್ತರಿಸಿ, ಬಣ್ಣ ನೋಡಿ ಮನೆಗೆ ಹಾಕುವಳು. ಹಾಳೆಯ ಖಾಲಿ ಅಂಚು ಚಿಂದಿ ಮೂಟೆಗೆ. ಹಾಳೆಯ ಚೂಪು ಮೂಲೆ ಒಮ್ಮೆ ಅವಳ ಬೆರಳಿಗೆ ಚುಚ್ಚಿ, ಬಿಳಿ ಅಂಗಿಯೊಂದರ ಕಾಲರಿಗೆ ರಕ್ತ ಹತ್ತಿ ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ಈ ಪದ್ಧತಿ. ನೋಡಿದವರೆಲ್ಲ “ಎಷ್ಟು ಅಚ್ಚುಕಟ್ಟು!” ಎನ್ನುತ್ತಿದ್ದರು. ಕತ್ತರಿಯಮ್ಮನಿಗೂ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಯಜಮಾನರು ಮಾತ್ರೆ ನುಂಗಿ, ಖಾಲಿ ತುಂಡನ್ನು ಇಸ್ತ್ರಿ ಮೇಜಿನ ಕೆಳಗಿದ್ದ ಡಬ್ಬಕ್ಕೆ ಹಾಕಿದರು. ಆ ಡಬ್ಬದಲ್ಲಿ ಖಾಲಿ ರೀಲು, ಮುರಿದ ಸೂಜಿ, ಬಾಗಿದ ಗುಂಡುಪಿನ್ನು ಎಲ್ಲ ಇದ್ದವು. ಯಾವುದನ್ನೂ ಬಿಸಾಡಲು ಅವರಿಗೆ ಮನಸ್ಸು ಬಾರದು.

“ನಾಳೆ ಸಂಜೆಯೊಳಗೆ ಯೂನಿಫಾರ್ಮು ಕೊಡಬೇಕು. ನೀವು ಮಲಗಿದ್ರೆ ನಾನೇನು ಮಾಡ್ಲಿ? ಇವತ್ತೇ ಈ ಶೀತಾನ ಓಡಿಸ್ತೀನಿ, ನೋಡ್ತಿರಿ,” ಎಂದಳು ಕತ್ತರಿಯಮ್ಮ. ಅವಳು ಓಡಿಸುತ್ತೇನೆ ಅಂದಮೇಲೆ ಶೀತವೂ ಒಮ್ಮೆ ಯೋಚನೆ ಮಾಡಬೇಕು, ಅಂಥ ಹೆಂಗಸು. “ಅವಳಿಗೆ ಹೇಳಿ, ಆ ತೋಳುಗಳಿಗೆ ಲೈನಿಂಗ್ ಬೇಡ ಅಂತ.”

ಅವಳು ಅಂದರೆ ಸೊಸೆ. ಆ ಸೊಸೆ ಮೂರು ಮೊಳ ದೂರದಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ ಕೂತಿದ್ದಳು, ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಆದರೂ ಯಜಮಾನರು ಕೆಮ್ಮುತ್ತಾ ಅತ್ತ ತಿರುಗಿ, “ಲೈನಿಂಗ್ ಬೇಡವಂತಮ್ಮ,” ಎಂದರು.

“ಸರಿ ಅಂತ ಹೇಳಿ ಮಾವ. ಮೊದಲೇ ಹೇಳಿದ್ರೆ ಚೆನ್ನಾಗಿರ್ತಿತ್ತು ಅಂತಾನೂ ಹೇಳಿ.”

“ಸರಿಯಂತೆ,” ಎಂದು ಯಜಮಾನರು ಅರ್ಧಕ್ಕೇ ನಿಲ್ಲಿಸಿದರು. ಇನ್ನರ್ಧ ಮಾತನ್ನು ಅವರು ಹೊಟ್ಟೆಗೆ ಹಾಕಿಕೊಳ್ಳುವುದು ಆ ಮನೆಯಲ್ಲಿ ಮಾಮೂಲಾಗಿ ಹೋಗಿತ್ತು.

ಅತ್ತೆ ಸೊಸೆ ಮಾತು ಬಿಟ್ಟು ಎರಡು ವಾರವಾಗಿತ್ತು. ಕಾರಣ ಒಂದು ಕಾಲರು. ಗಿರಾಕಿಯೊಬ್ಬರು ಕಾಲರು ಒಂದು ಪಕ್ಕ ಎಳೆಯುತ್ತದೆ ಎಂದು ದೂರು ತಂದಾಗ ಕತ್ತರಿಯಮ್ಮ, “ಹೊಲಿಗೆ ಸಡಿಲ ಬಿಟ್ಟಿದಾಳೆ,” ಎಂದಳು. ಸೊಸೆ ಗಿರಾಕಿಯ ಎದುರಿಗೇ, “ಹೊಲಿಗೆ ಸರಿಯಾಗೇ ಇದೆ. ಬಟ್ಟೇನ ಓರೆಯಾಗಿ ಕತ್ತರಿಸಿದ್ರೆ ಹೊಲಿಗೆ ಏನ್ಮಾಡುತ್ತೆ?” ಎಂದುಬಿಟ್ಟಳು. ಕತ್ತರಿಯಮ್ಮನ ಕತ್ತರಿಗೆ ಕೊಂಕು! ಅಂದಿನಿಂದ ಇಬ್ಬರೂ ಮುಖ ಗಂಟು ಹಾಕಿಕೊಂಡು, ಉಪ್ಪು ಬೇಕಾದರೂ ಯಜಮಾನರ ಮೂಲಕವೇ ಕೇಳುತ್ತಿದ್ದರು. ಮಗ ಬಟ್ಟೆ ತರಲು ಪರಸ್ಥಳಕ್ಕೆ ಹೋಗಿದ್ದ, ಬಿಡಿಸುವವರಿರಲಿಲ್ಲ. ವಾರಕ್ಕೊಮ್ಮೆ ಚಿಂದಿ ಮೂಟೆ ಹೊರಗೆ ಹಾಕುವ ಕೆಲಸವೂ ನಿಂತುಹೋಗಿತ್ತು. ಸರದಿ ಅವಳದ್ದು ಎಂದು ಇವಳು, ಇವಳದ್ದು ಎಂದು ಅವಳು. ಮೂಟೆ ಬಾಗಿಲ ಹಿಂದೆ ಬಾಯಿ ತೆರೆದುಕೊಂಡು ಉಬ್ಬುತ್ತಲೇ ಇತ್ತು.

ಮಾರನೆಯ ದಿನ ಬೆಳಗ್ಗೆ ಯಜಮಾನರು ಎದ್ದವರೇ ವಾಂತಿ ಮಾಡಿಕೊಂಡರು. ಕತ್ತರಿಯಮ್ಮ ಗಂಜಿ ತಂದಳು, ಬೇಡ ಎಂದರು. ನೀರು ತಂದಳು, ಅದೂ ನಿಲ್ಲಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟುಕೊಂಡು, “ಇಲ್ಲಿ ಒತ್ತಿದ ಹಾಗೆ ಆಗ್ತಿದೆ,” ಎಂದರು. ಮೂಗು ಸೋರುವುದು ನಿಂತಿತ್ತು, ಜ್ವರವೂ ಇರಲಿಲ್ಲ. ಶೀತ ಹೋಗಿ ಆಗಿತ್ತು, ಆದರೆ ಮನುಷ್ಯ ಬಾಡಿಹೋಗಿದ್ದರು. ಕತ್ತರಿಯಮ್ಮ ಯೂನಿಫಾರ್ಮಿನ ರಾಶಿಯನ್ನು ಪಕ್ಕಕ್ಕೆ ತಳ್ಳಿ, “ನಡೀರಿ ಡಾಕ್ಟರ ಹತ್ರ. ಒಂದು ಮಾತೂ ಬೇಡ,” ಎಂದಳು. ಸೊಸೆ ಆಗಲೇ ಆಟೋ ಕರೆದು ಬಾಗಿಲಲ್ಲಿ ನಿಲ್ಲಿಸಿದ್ದಳು. ಇಬ್ಬರೂ ಎರಡು ಪಕ್ಕ ಹಿಡಿದು ಅವರನ್ನು ಕೂರಿಸಿದರು, ಆಗಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೀದಿ ಕೊನೆಯ ದವಾಖಾನೆಯ ಡಾಕ್ಟರಮ್ಮ ನಿಧಾನಸ್ಥೆ. ಹೊಟ್ಟೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ರಕ್ತದೊತ್ತಡ ನೋಡಿ ಹುಬ್ಬೇರಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

“ಶೀತಕ್ಕೆ ಏನು ಕೊಟ್ರಿ ಮನೇಲಿ?”

“ಹಳದಿದು,” ಎಂದಳು ಕತ್ತರಿಯಮ್ಮ.

“ಬಿಳಿದು,” ಎಂದಳು ಸೊಸೆ, ಅದೇ ಉಸಿರಿನಲ್ಲಿ.

ಇಬ್ಬರೂ ಕತ್ತು ತಿರುಗಿಸಿ ಒಬ್ಬರನ್ನೊಬ್ಬರು ನೋಡಿದರು. ಎರಡು ವಾರದಲ್ಲಿ ಅದೇ ಮೊದಲು.

“ನೀನು ಯಾವಾಗ ಕೊಟ್ಟೆ?” ಎಂಬ ಮಾತು ಕತ್ತರಿಯಮ್ಮನ ನಾಲಿಗೆ ತುದಿಗೆ ಬಂತು. ಅದನ್ನು ಡಾಕ್ಟರಮ್ಮನೇ ಕೇಳಿದರು.

“ನಾಲ್ಕು ದಿನದಿಂದ ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಡಾಕ್ಟ್ರೇ. ಮಲಗೋಕೆ ಮುಂಚೆ ಇನ್ನೊಂದು. ಮಾವನಿಗೆ ಮೈ ಕಾದಿತ್ತು, ಯಾರೂ ಜ್ವರದ ಮಾತ್ರೆ ಕೊಡ್ತಿರ್ಲಿಲ್ಲ ಅಂದ್ಕೊಂಡೆ,” ಎಂದು ಸೊಸೆ ಕೈಚೀಲದಿಂದ ಮಾತ್ರೆಯ ಹಾಳೆ ತೆಗೆದುಕೊಟ್ಟಳು. ಇಡೀ ಹಾಳೆ, ಹೆಸರು ಸಮೇತ.

“ಪ್ಯಾರಾಸಿಟಮಾಲ್. ಜ್ವರದ್ದೇ. ನಾಲ್ಕು ದಿನದಿಂದ ಇಷ್ಟೂ ಕೊಟ್ಟಿದ್ದೀರಿ. ನೀವು?” ಎಂದು ಡಾಕ್ಟರಮ್ಮ ಕತ್ತರಿಯಮ್ಮನತ್ತ ತಿರುಗಿದರು.

“ನಾನೂ ಅಷ್ಟೇ ಸಲ. ನಿನ್ನೆ ಒಂದೆರಡು ಜಾಸ್ತಿ ಕೊಟ್ಟೆ. ಬೇಗ ವಾಸಿಯಾಗಲಿ ಅಂತ.”

“ಬೇರೆ ಏನಾದ್ರೂ?”

ಆಗ ಮಲಗಿದ್ದ ಯಜಮಾನರು ಒಂದು ಕಣ್ಣು ತೆರೆದರು. “ಆ ಪುಡಿ,” ಎಂದರು ಅಳುಕುತ್ತಾ. “ಬಿಸಿನೀರಿಗೆ ಹಾಕ್ಕೊಂಡು ಕುಡಿಯೋದು. ನಿಂಬೆಹುಳಿ ರುಚಿ. ಗಂಟಲಿಗೆ ಹಿತ ಅಂತ ನಾನೇ ತಂದಿದ್ದೆ.”

ಅವರ ಅಂಗಿಯ ಜೇಬಿನಲ್ಲಿ ಹರಿದ ಪೊಟ್ಟಣವೊಂದು ಸಿಕ್ಕಿತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಓದಿ, ಬಿಳಿ ಮಾತ್ರೆಯ ಹಾಳೆಯ ಪಕ್ಕದಲ್ಲಿಟ್ಟರು. “ಇದರಲ್ಲೂ ಅದೇ ಇದೆ. ಶರಬತ್ತಲ್ಲ ಇದು, ಔಷಧಿ. ಈಗ ಹೇಳಿ, ಹಳದಿ ಯಾವುದು?”

“ಶೀತದ್ದು.”

“ಹೆಸರು?”

ಬಿಳಿ ದಾರದಲ್ಲಿ ಹತ್ತು ಬಗೆಯ ಬಿಳಿ ಗುರುತಿಸುವ ಹೆಂಗಸು ಕತ್ತರಿಯಮ್ಮ. ಹೆಸರು ಅವಳಿಗೆ ಗೊತ್ತಿರಲಿಲ್ಲ.

“ಹೆಸರಿಲ್ಲ. ನಾನು ಕತ್ತರಿಸಿ ಡಬ್ಬಿಗೆ ಹಾಕಿಟ್ಟಿದ್ದೆ. ಎರಡು ಸಲ ತಂದಿದ್ದೆ, ಎರಡೂ ಹಳದಿ ಅಂತ ಒಂದೇ ಮನೆಗೆ ಹಾಕಿದೆ,” ಎಂದಳು. ಸೊಸೆಯ ಎದುರಿಗೆ ಇದನ್ನು ಹೇಳಬೇಕಾಯಿತಲ್ಲ ಎಂದು ಮುಖ ಬಿಸಿಯಾಯಿತು. ಆದರೂ ಹೇಳಿದಳು.

ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ. “ನೋಡಿ ಅಮ್ಮ, ಶೀತದ ಮಾತ್ರೆ ಅಂತ ಕೊಡೋದ್ರಲ್ಲಿ ಬಗೆಬಗೆ ಇರುತ್ತೆ. ಕೆಲವದರಲ್ಲಿ ಸೀನು ನಿಲ್ಲಿಸೋ ಮದ್ದು ಮಾತ್ರ ಇರುತ್ತೆ. ಕೆಲವದರಲ್ಲಿ ಮೂರು ನಾಲ್ಕು ಮದ್ದು ಒಟ್ಟಿಗೆ ಸೇರಿಸಿರ್ತಾರೆ, ಮೂಗು ಬಿಡಿಸೋದು, ಸೀನು ನಿಲ್ಲಿಸೋದು, ಜ್ವರದ್ದು. ನಿಮ್ಮ ಹಳದಿ ಮೊದಲನೇ ಬಗೆ ಆಗಿದ್ರೆ ನಿದ್ದೆ ಮಂಪರು, ಅಷ್ಟೇ. ಎರಡನೇ ಬಗೆ ಆಗಿದ್ರೆ ಒಂದೇ ಜ್ವರದ ಮದ್ದು ಮೂರು ದಾರಿಯಲ್ಲಿ ಇವರ ಹೊಟ್ಟೆ ಸೇರಿದೆ. ಅದು ಮಿತಿ ಮೀರಿದ್ರೆ ಲಿವರ್ ಹಾಳು ಮಾಡುತ್ತೆ. ಮೂಗು ಬಿಡಿಸೋ ಮದ್ದಿಗೆ ರಕ್ತದೊತ್ತಡಾನೂ ಏರುತ್ತೆ, ಇವರಿಗೆ ಅದು ಮೊದಲೇ ಇದೆ.”

“ಈಗ ಏನು ಮಾಡ್ಬೇಕು?”

“ದೊಡ್ಡ ಆಸ್ಪತ್ರೆಗೆ ಈಗಲೇ ಕಳಿಸ್ತೀನಿ, ಅಲ್ಲಿಗೆ ಫೋನೂ ಮಾಡ್ತೀನಿ. ರಕ್ತ ನೋಡ್ತಾರೆ, ಆದ್ರೆ ದಿನಗಟ್ಟಲೆ ತಿಂದಾಗ ರಕ್ತ ಒಂದೇ ಪೂರ್ತಿ ಹೇಳೋದಿಲ್ಲ. ಎಷ್ಟು ಹೋಗಿದೆ ಅನ್ನೋದು ಗೊತ್ತಾದ್ರೆ ಅವರಿಗೆ ಅನುಮಾನ ಇರೋದಿಲ್ಲ, ತಡ ಮಾಡದೆ ಡ್ರಿಪ್ಪಿನಲ್ಲಿ ಮದ್ದು ಶುರು ಮಾಡ್ತಾರೆ. ಬೇಗ ಶುರುವಾದಷ್ಟೂ ಒಳ್ಳೇದು.”

“ಆ ಡಬ್ಬಿ ತಂದು ತೋರಿಸ್ಲಾ?”

“ಬಣ್ಣ ನೋಡಿ ನಾನು ಹೇಳೋಕಾಗಲ್ಲ ಅಮ್ಮ. ಎಷ್ಟೋ ಕಂಪನಿಗಳು ಹಳದಿ ಮಾತ್ರೆ ಮಾಡ್ತಾರೆ.”

ಕತ್ತರಿಯಮ್ಮ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ಹಣೆ ಮುಟ್ಟಿ, “ನೀವು ಹೋಗ್ತಿರಿ. ನಾನು ಹೆಸರು ತಗೊಂಡೇ ಬರ್ತೀನಿ,” ಎಂದಳು. ಸೊಸೆಯತ್ತ ತಿರುಗಿದಳು. ಸೊಸೆ ಮಾವನ ಭುಜ ಹಿಡಿದುಕೊಂಡು ತಲೆಯಾಡಿಸಿದಳು. ಅಷ್ಟೇ ಸಾಕಾಯಿತು.

ದಾರಿಯಲ್ಲಿ ಔಷಧಿ ಅಂಗಡಿ ಸಿಕ್ಕಿತು. ಅಂಗಡಿಯವನು ತಲೆ ಕೆರೆದುಕೊಂಡ. “ಶೀತಕ್ಕೆ ಕೊಡಿ ಅಂದ್ರಿ, ಕೊಟ್ಟೆ. ಯಾವುದು ಅಂತ ಹೇಗೆ ನೆನಪಿರುತ್ತಮ್ಮ? ಪೆಟ್ಟಿಗೆ ಇದೆಯಾ?” ಪೆಟ್ಟಿಗೆ ಇದ್ದಿದ್ದರೆ ಇವನ ಹತ್ತಿರ ಯಾಕೆ ಬರುತ್ತಿದ್ದಳು? ಅವಳು ಉತ್ತರವನ್ನೂ ಕೊಡದೆ ಹೆಜ್ಜೆ ಹಾಕಿದಳು. ಮಂಡಿನೋವಿನ ಹೆಂಗಸು, ಆ ದಿನ ನಡೆದ ರಭಸಕ್ಕೆ ಎದುರು ಬಂದವರು ದಾರಿ ಬಿಟ್ಟರು.

ಅಂಗಡಿಯ ಬಾಗಿಲು ತೆಗೆದವಳೇ ಚಿಂದಿ ಮೂಟೆಯನ್ನು ಎಳೆದು ನೆಲದ ಮೇಲೆ ಬೋರಲು ಹಾಕಿದಳು. ಎರಡು ವಾರದ ಚಿಂದಿ. ನೀಲಿ ತುಂಡು, ಬಿಳಿ ತುಂಡು, ದಾರದ ಗೋಜಲು, ಕಾಗದದ ಅಚ್ಚು, ಹರಿದ ಲೈನಿಂಗು. ಯಾರಾದರೊಬ್ಬರು ಮನಸ್ಸು ಮಾಡಿ ಇದನ್ನು ಹೊರಗೆ ಹಾಕಿದ್ದರೆ ಇಂದು ಗತಿಯೇನಿತ್ತು ಎಂದುಕೊಂಡಳು. ಜಗಳವಾಡಿದ್ದಕ್ಕೆ ಒಂದು ಲಾಭ! ಅದೇ ಕ್ಷಣ, ಜಗಳವಾಡಿರದಿದ್ದರೆ ಈ ಹುಡುಕಾಟವೇ ಇರುತ್ತಿರಲಿಲ್ಲ ಎಂಬುದೂ ಹೊಳೆದು ಅವಳ ಬಾಯಿ ಕಹಿಯಾಯಿತು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ತುಂಡು ಕೊಡವಿ ಪಕ್ಕಕ್ಕಿಟ್ಟಳು. ಯಾರೋ ಗಿರಾಕಿ ಬಾಗಿಲಲ್ಲಿ ನಿಂತು “ಯೂನಿಫಾರ್ಮು ಆಯ್ತಾ?” ಎಂದರು. “ಇವತ್ತು ಆಗಲ್ಲ. ಬೈಯೋದಿದ್ರೆ ನಾಳೆ ಬಂದು ಬೈರಿ,” ಎಂದಳು ತಲೆ ಎತ್ತದೆ. ಕೊಟ್ಟ ಮಾತಿಗೆ ತಪ್ಪದ ಅಂಗಡಿ ಎಂದು ಹೆಸರಾಗಿತ್ತು ಅವಳದ್ದು. ಆ ಹೆಸರು ಅಂದು ಅವಳಿಗೆ ಎಳ್ಳಷ್ಟೂ ಮುಖ್ಯವೆನಿಸಲಿಲ್ಲ.

ಮೂಟೆಯ ಅಡಿಯಲ್ಲಿ ಮೊದಲನೆಯದು ಸಿಕ್ಕಿತು. ಬೆಳ್ಳಿ ಬಣ್ಣದ ಹಾಳೆಯ ತಲೆ, ಮಾತ್ರೆಯಿಲ್ಲದ ಖಾಲಿ ಅಂಚು. ಅದರ ಮೇಲೆ ಅರ್ಧ ಹೆಸರು. ಇನ್ನಷ್ಟು ಕೆದಕಿದ ಮೇಲೆ ಎರಡನೆಯದೂ ಸಿಕ್ಕಿತು, ಅದರ ಮೇಲೆ ಬೇರೆ ಅಕ್ಷರ. ಅಂದರೆ ಹಳದಿ ಎರಡು ಬಗೆ ಎಂಬುದು ನಿಜ. ಅವರು ತಿಂದದ್ದು ಯಾವುದು? ಕತ್ತರಿಯಮ್ಮ ಎದ್ದು ಇಸ್ತ್ರಿ ಮೇಜಿನ ಕೆಳಗಿನ ಡಬ್ಬ ತಂದು ಸುರಿದಳು. ಏನನ್ನೂ ಬಿಸಾಡದ ಗಂಡನ ಆ ಅಭ್ಯಾಸಕ್ಕೆ ಜೀವಮಾನವಿಡೀ ಬೈದಿದ್ದಳು. ಈಗ ಅದೇ ರೀಲು, ಸೂಜಿಗಳ ನಡುವೆ ಅವರು ನುಂಗಿದ ಪ್ರತಿ ಮಾತ್ರೆಯ ಖಾಲಿ ತುಂಡೂ ಇತ್ತು. “ಪುಣ್ಯಾತ್ಮ!” ಎಂದಳು. ಕಣ್ಣು ತುಂಬಿ ಬಂತು, ತೋಳಿನಲ್ಲಿ ಒರೆಸಿಕೊಂಡಳು. ಅಳಲು ಆಮೇಲೆ ಹೊತ್ತಿದೆ.

ಕತ್ತರಿಸುವ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ದೀಪ ಬಗ್ಗಿಸಿದಳು. ಎಳೆ ನೋಡುವ ಭೂತಗನ್ನಡಿ ಹಿಡಿದಳು. ಚೌಕುಳಿ ಅಂಗಿಗೆ ಜೇಬು ಕೂರಿಸುವಾಗ ಜೇಬಿನ ಗೆರೆ ಅಂಗಿಯ ಗೆರೆಗೆ ಸೇರಲೇಬೇಕು, ಇಲ್ಲದಿದ್ದರೆ ಹತ್ತು ಅಡಿ ದೂರದಿಂದ ತಪ್ಪು ಕಾಣುತ್ತದೆ. ಆ ಕೆಲಸವನ್ನೇ ಈಗ ಮಾಡಿದಳು. ಒಂದು ತುಂಡು, ಅದರ ಪಕ್ಕಕ್ಕೆ ಇನ್ನೊಂದು. ಹಲ್ಲಿಗೆ ಹಲ್ಲು, ಅರ್ಧ ಅಕ್ಷರಕ್ಕೆ ಇನ್ನರ್ಧ ಅಕ್ಷರ. ಸೇರದಿದ್ದರೆ ತಿರುಗಿಸಿ ನೋಡಿದಳು, ಮತ್ತೂ ಸೇರದಿದ್ದರೆ ಪಕ್ಕಕ್ಕಿಟ್ಟಳು. ತಾನೇ ಕತ್ತರಿಸಿದ್ದು, ತಾನೇ ಕೂಡಿಸಬೇಕು.

ಕೊನೆಗೆ ಕಪ್ಪು ಬಟ್ಟೆಯ ಮೇಲೆ ಒಂದು ಹಾಳೆ ಪೂರ್ತಿಯಾಗಿ, ಇನ್ನೊಂದು ಹೆಚ್ಚುಕಡಿಮೆ ಪೂರ್ತಿಯಾಗಿ ಬಂತು. ಎರಡೂ ಒಂದೇ ಬಗೆಯವು. ಇನ್ನೊಂದು ಬಗೆಯದು ಎರಡೇ ತುಂಡು. ತಾನು ಕೊಟ್ಟದ್ದರಲ್ಲಿ ಎಲ್ಲೋ ಒಂದೆರಡು ಬಿಟ್ಟು ಎಲ್ಲ ಇದೇ. ಆ ಹಾಳೆಯ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಅವಳು ಫೋನು ತೆಗೆದು ಸೊಸೆಗೆ ಮಾಡಿದಳು. ಎರಡು ವಾರದಿಂದ ಒತ್ತದ ಹೆಸರು.

“ಅತ್ತೆ?” ಎಂದಿತು ಆ ಕಡೆಯಿಂದ ಧ್ವನಿ.

“ಕೇಳಿಸ್ಕೋ. ನಾನು ಓದ್ತೀನಿ, ನೀನು ಅಲ್ಲಿ ಡಾಕ್ಟರಿಗೆ ಹೇಳು. ಮೊದಲನೇದು ಏನೋ ಉದ್ದ ಇದೆ, ಬಾಯಿಗೆ ಬರ್ತಿಲ್ಲ.”

“ಒಂದೊಂದೇ ಅಕ್ಷರ ಹೇಳಿ ಅತ್ತೆ. ನಿಧಾನವಾಗಿ. ನಾನು ಫೋನನ್ನ ಡಾಕ್ಟರ ಹತ್ರಾನೇ ಹಿಡಿದಿದೀನಿ.”

ಕತ್ತರಿಯಮ್ಮ ಒಂದೊಂದೇ ಅಕ್ಷರ ಹೇಳಿದಳು. “ಅದು ಮೂಗು ಬಿಡಿಸೋದು,” ಎಂದ ಗಂಡಸಿನ ಧ್ವನಿ ದೂರದಲ್ಲಿ ಕೇಳಿಸಿತು. ಎರಡನೆಯದಕ್ಕೆ “ಅದು ಸೀನಿಗೆ, ನಿದ್ದೆ ಬರಿಸುತ್ತೆ,” ಎಂದಿತು. ಸುಟ್ಟ ಅಂಗಿ ಅವಳ ಕಣ್ಣೆದುರಿಗೆ ಬಂತು. ಮೂರನೆಯದರ ಮೇಲೆ ಭೂತಗನ್ನಡಿ ಸರಿಸಿದಳು. ಕತ್ತರಿ ಆ ಪದದ ನಟ್ಟನಡುವೆ ಹಾಯ್ದಿತ್ತು. ಎರಡು ತುಂಡನ್ನೂ ಬೆರಳಿನಿಂದ ಒತ್ತಿ ಹಿಡಿದು ಓದಿದಳು.

“ಪ್ಯಾ... ರಾ... ಸಿ...”

“ಸಾಕು ಅತ್ತೆ,” ಎಂದಳು ಸೊಸೆ. “ಅದೇ. ನನ್ನ ಬಿಳಿ ಮಾತ್ರೇಲಿ ಇರೋದೇ.”

ಆಮೇಲೆ ಡಾಕ್ಟರು ಏನೋ ಕೇಳಿದ್ದು, ಸೊಸೆ ಉತ್ತರ ಕೊಟ್ಟದ್ದು ಕೇಳಿಸಿತು. ಪಕ್ಕದಲ್ಲೇ ಚಕ್ರದ ಮೇಜು ಉರುಳಿದ ಸದ್ದಾಯಿತು.

“ಡ್ರಿಪ್ಪು ಹಾಕ್ತಿದಾರೆ ಅತ್ತೆ. ನೀವು ಆ ತುಂಡುಗಳನ್ನೆಲ್ಲ ತಗೊಂಡು ಬಂದ್ಬಿಡಿ. ಎಷ್ಟಿದೆ ಅಂತ ಅವರೇ ಲೆಕ್ಕ ಹಾಕ್ತಾರಂತೆ.”

“ಬಂದೆ,” ಎಂದಳು ಕತ್ತರಿಯಮ್ಮ. ತುಂಡುಗಳು ಕದಲದ ಹಾಗೆ ಕಪ್ಪು ಬಟ್ಟೆಗೇ ಗುಂಡುಪಿನ್ನು ಚುಚ್ಚಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಆಸ್ಪತ್ರೆಯ ಡಾಕ್ಟರು ಆ ಬಟ್ಟೆ ಬಿಚ್ಚಿ ನೋಡಿದರು. ಎಣಿಸಿ, ಬರೆದುಕೊಂಡು, “ಒಳ್ಳೇ ಕೆಲಸ ಮಾಡಿದ್ರಿ,” ಎಂದರು. ಕತ್ತರಿಯಮ್ಮನಿಗೆ ಆ ಹೊಗಳಿಕೆ ಮೈಗೆ ಹತ್ತಲಿಲ್ಲ. ಒಳ್ಳೆ ಕೆಲಸ ಮಾಡುವವಳು ಮೊದಲೇ ಹೆಸರು ಓದುತ್ತಿದ್ದಳು. “ಅವರು ಉಳಿತಾರಾ, ಅದು ಹೇಳಿ,” ಎಂದು ಕೇಳಿಯೇಬಿಟ್ಟಳು.

“ಲಿವರಿಗೆ ಪೆಟ್ಟು ಬಿದ್ದಿದೆ. ಮದ್ದು ಹೋಗ್ತಾ ಇದೆ. ನಾಳೆ ಮತ್ತೆ ರಕ್ತ ನೋಡ್ತೀವಿ. ಅಲ್ಲೀವರೆಗೂ ಕಾಯ್ಬೇಕು.”

ಕಾದರು. ವಾರ್ಡಿನ ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಅತ್ತೆ, ಇನ್ನೊಂದು ತುದಿಯಲ್ಲಿ ಸೊಸೆ. ಸಂಜೆ ಹೊತ್ತಿಗೆ ಸೊಸೆ ಎರಡು ಲೋಟ ಚಹಾ ತಂದಳು, ಒಂದನ್ನು ಅತ್ತೆಯ ಪಕ್ಕದಲ್ಲಿಟ್ಟು ಅಲ್ಲೇ ಕೂತಳು.

“ನಾನು ಕೇಳ್ಬೇಕಾಗಿತ್ತು. ಅತ್ತೆ ಏನು ಕೊಡ್ತಿದಾರೆ ಅಂತ ಒಂದು ಮಾತು. ನಾನು ಕೊಡೋದನ್ನ ನೋಡಿ ನೀವು ಏನಂತೀರೋ ಅಂತ, ನೀವು ಗಿರಾಕಿ ಹತ್ರ ಮಾತಾಡ್ತಿರೋವಾಗ ಕೊಡ್ತಿದ್ದೆ,” ಎಂದಳು.

“ನಾನು ನೀನು ಊಟಕ್ಕೆ ಎದ್ದಾಗ,” ಎಂದಳು ಕತ್ತರಿಯಮ್ಮ. ಚಹಾ ಕುಡಿದಳು. ಇನ್ನೇನೋ ಹೇಳುವುದಿತ್ತು. ಅದರ ಬದಲು ಖಾಲಿ ಲೋಟಗಳನ್ನೆತ್ತಿಕೊಂಡು ಎದ್ದಳು.

ಮಾರನೆಯ ದಿನ ಮಧ್ಯಾಹ್ನ ಡಾಕ್ಟರು ಬಂದು, “ರಕ್ತದಲ್ಲಿ ಲಿವರಿನ ಅಂಕಿ ಏರೋದು ನಿಂತಿದೆ. ಇಳಿಯೋಕೆ ಶುರುವಾಗಿದೆ,” ಎಂದಾಗ ಸೊಸೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಕತ್ತರಿಯಮ್ಮ ಅಳಲಿಲ್ಲ. ಅವಳು ಡಾಕ್ಟರನ್ನು ಹಿಡಿದು ನಿಲ್ಲಿಸಿ, ಇನ್ನು ಮುಂದೆ ಏನು ಕೊಡಬಹುದು, ಏನು ಕೊಡಬಾರದು, ಶೀತ ಬಂದರೆ ಏನು ಮಾಡಬೇಕು ಎಂದು ಅವರು ಸುಸ್ತಾಗುವವರೆಗೆ ಕೇಳಿದಳು. “ಒಂದು ಸಲಕ್ಕೆ ಒಂದೇ ಔಷಧಿ. ಒಳಗೇನಿದೆ ಅಂತ ಓದಿ. ಅದೇ ಹೆಸರು ಇನ್ನೊಂದರಲ್ಲೂ ಇದ್ರೆ ಎರಡೂ ಕೊಡಬೇಡಿ. ಅನುಮಾನ ಬಂದ್ರೆ ಕೇಳಿ. ರಕ್ತದೊತ್ತಡ ಇದೆ ಅಂತ ಅಂಗಡಿಯವನಿಗೂ ಹೇಳಿ,” ಎಂದರು ಅವರು. “ಪೆಟ್ಟಿಗೆ ಬಿಸಾಡ್ಬೇಡಿ.”

“ಆ ಹಲ್ಲುಕತ್ತರಿ ಇನ್ನು ಔಷಧಿ ಮುಟ್ಟಲ್ಲ ಡಾಕ್ಟ್ರೇ,” ಎಂದಳು ಕತ್ತರಿಯಮ್ಮ.

ಒಳಗೆ ಯಜಮಾನರು ದಿಂಬಿಗೆ ಒರಗಿ ಕೂತಿದ್ದರು. ಮುಖಕ್ಕೆ ಇನ್ನೂ ಕಳೆ ಬಂದಿರಲಿಲ್ಲ, ಆದರೆ ಕಣ್ಣಲ್ಲಿ ಹಳೆಯ ತುಂಟತನ ಇಣುಕುತ್ತಿತ್ತು. ಕತ್ತರಿಯಮ್ಮ ಮಂಚದ ಅಂಚಿಗೆ ಕೂತು, ಎರಡು ದಿನದಿಂದ ಕಟ್ಟಿಟ್ಟದ್ದನ್ನು ಕೇಳಿದಳು.

“ಅಲ್ಲಾ ರೀ, ನಾನು ಕೊಟ್ಟದ್ದೂ ನುಂಗಿದ್ರಿ, ಅವಳು ಕೊಟ್ಟದ್ದೂ ನುಂಗಿದ್ರಿ. ಇನ್ನೊಬ್ಬರು ಆಗ್ಲೇ ಕೊಟ್ಟಿದಾರೆ ಅಂತ ಬಾಯಿಬಿಟ್ಟು ಹೇಳೋಕೆ ನಿಮಗೇನಾಗಿತ್ತು?”

ಯಜಮಾನರು ಡ್ರಿಪ್ಪಿನ ಕೊಳವೆ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರು.

“ಅವಳದ್ದು ತಿಂದೆ ಅಂದ್ರೆ ನಿನ್ನ ಮುಖ ಇಷ್ಟುದ್ದ ಆಗ್ತಿತ್ತು. ನಿನ್ನದು ತಿಂದೆ ಅಂದ್ರೆ ಅವಳು ಊಟ ಬಿಡ್ತಿದ್ದಳು. ಮತ್ತೆ ಒಂದು ರಾದ್ಧಾಂತ. ಎರಡೂ ಮಾತ್ರೆ ನುಂಗೋದೇ ಸುಲಭ ಅನ್ನಿಸ್ತು ಕಣೇ,” ಎಂದರು.

ಎಷ್ಟೋ ವರ್ಷ ಹೆಂಡತಿಯ ಮಾತು, ಸೊಸೆಯ ಮಾತು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಬಂದ ಮನುಷ್ಯ. ಕೊನೆಗೆ ಇಬ್ಬರ ಮಾತ್ರೆಗಳನ್ನೂ ಹಾಗೇ ಹಾಕಿಕೊಂಡರು. ಕತ್ತರಿಯಮ್ಮನ ಕಣ್ಣಲ್ಲಿ ಆಗ ನೀರು ಬಂತು, ಈ ಸಲ ಒರೆಸಿಕೊಳ್ಳಲಿಲ್ಲ.

“ಬಾ ಇಲ್ಲಿ,” ಎಂದು ಸೊಸೆಯನ್ನು ಕರೆದಳು. ಸೊಸೆ ಬಂದು ಮಂಚದ ಇನ್ನೊಂದು ಪಕ್ಕದಲ್ಲಿ ನಿಂತಳು. ಕತ್ತರಿಯಮ್ಮ ಗಂಟಲು ಸರಿಮಾಡಿಕೊಂಡಳು. ಮೂಟೆಯೆಲ್ಲ ಕೆದಕುವುದು ಇದಕ್ಕಿಂತ ಸಲೀಸಾಗಿತ್ತು.

“ಆ ಕಾಲರು. ಓರೆಯಾಗಿ ಕತ್ತರಿಸಿದ್ದು ನಾನೇ. ಅವತ್ತೇ ಗೊತ್ತಿತ್ತು ನನಗೆ.”

ಯಜಮಾನರು ಕಣ್ಣು ಮುಚ್ಚಿಕೊಂಡೇ ತಮ್ಮ ಹಳೆಯ ಕೆಲಸಕ್ಕೆ ಅಣಿಯಾದರು.

“ಇದನ್ನ ನಾನು ಅವಳಿಗೆ ಹೇಳ್ಬೇಕಾ?”

“ಬೇಡ,” ಎಂದಳು ಕತ್ತರಿಯಮ್ಮ, ಗಂಡನ ಹೊದಿಕೆ ಸರಿಮಾಡುತ್ತಾ. “ನಾನೇ ಹೇಳಿದೀನಿ. ನೀವು ಮಲಗಿ.”